ಚಾಲಕನ ತೂಕ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ 'ಲಿಫ್ಟ್' ಎಂಬ ಒಂದೇ ಒಂದು ಪದ. ಹಿನ್ನೀರಿನ ದಂಡೆಯಲ್ಲಿ ಸಾಹಸ ಉತ್ಸವ ಮಾಡಬೇಕೆಂದು ಆ ವರ್ಷ ಜಿಲ್ಲೆಯ ಮೇಲಿನವರಿಗೆ ಉಮೇದು ಬಂದಿತ್ತು. ಗುಡ್ಡದಿಂದ ಹಾರಿ ಗಾಳಿಯಲ್ಲಿ ತೇಲುವ, ಪಂದ್ಯಕ್ಕೆ ಬಳಸುವಂಥ ಹ್ಯಾಂಗ್ ಗ್ಲೈಡರ್ ಒಂದನ್ನು ತರಿಸುವುದೆಂದು ಠರಾವಾಗಿ, ಮೂರು ಕಂಪನಿಗಳಿಂದ ಮಾಹಿತಿ ಪುಸ್ತಿಕೆಗಳೂ ಬಂದವು. ರೆಕ್ಕೆಯನ್ನು ಗಾಳಿ ಮೇಲೆತ್ತುವ ಬಲಕ್ಕೆ ಪುಟಪುಟದಲ್ಲೂ 'ಲಿಫ್ಟ್' ಎಂದಿದ್ದುದನ್ನು ಕಂಡ ಯಾರೋ ಪುಣ್ಯಾತ್ಮರು ಆ ಕಡತವನ್ನು ಜಮಖಂಡಿ ತಾಲೂಕಿನ ಒಂದು ಲಿಫ್ಟ್ ಇರಿಗೇಶನ್ ಕಚೇರಿಗೆ ಕಳಿಸಿಬಿಟ್ಟರು. ಹೊಳೆಯ ನೀರನ್ನೇ ಎತ್ತುವವರಿಗೆ ಮನುಷ್ಯನನ್ನು ಎತ್ತುವುದು ಯಾವ ಲೆಕ್ಕ ಎಂದುಕೊಂಡಿರಬೇಕು.

ಕಡತ ಬಂದು ಬಿದ್ದದ್ದು ಗುಮಾಸ್ತ ಲಗಮಪ್ಪನ ಮೇಜಿನ ಮೇಲೆ. ಎತ್ತರ ಎಂದರೆ ಕೈಕಾಲು ನಡುಗುವ ಮನುಷ್ಯ ಅವನು. ಅಂಥವನ ಪಾಲಿಗೆ ದಿನಾ ಬೆಳಿಗ್ಗೆ ಕಬ್ಬಿಣದ ನಿಚ್ಚಣಿಕೆ ಹತ್ತಿ, ನೀರಿನ ಟಾಕಿಯ ಮಟ್ಟ ಬರೆದುಕೊಂಡು ಬರುವ ಕೆಲಸ ಬಂದಿತ್ತು. ಕಣ್ಣು ಮುಚ್ಚಿಕೊಂಡು ಹತ್ತಿ, ಒಂದು ಕಣ್ಣು ತೆರೆದು ಅಂಕಿ ನೋಡಿ, ಮತ್ತೆ ಮುಚ್ಚಿಕೊಂಡು ಇಳಿಯುತ್ತಿದ್ದ. ನೆಲದ ಮೇಲಿನ ಟಪಾಲು ವಿಭಾಗಕ್ಕೆ ಹಾಕಿರೆಂದು ಕೊಟ್ಟ ಅರ್ಜಿ ಆರು ತಿಂಗಳಿಂದ ಪರಸಪ್ಪ ಸಾಹೇಬರ ಡ್ರಾವರಿನಲ್ಲಿ ಮಲಗಿತ್ತು.

"ಮೂರೂ ಗ್ಲೈಡರ್ದು ತುಲನಾತ್ಮಕ ಪಟ್ಟಿ ಸಂಜಿ ಐದಕ್ಕ ನನ್ನ ಕೈಯಾಗ ಇರಬೇಕ್ರಿ," ಎಂದರು ಸಾಹೇಬರು. "ಪಟ್ಟಿ ಛಲೋ ಆದ್ರ ನಿಮ್ಮ ಅರ್ಜಿಗೂ ಇವತ್ತ ಸಹಿ."

ಲಗಮಪ್ಪ ಹುರುಪಿನಿಂದ ಕೂತ. ತಮ್ಮದು ಒಂದು ಮೀಟರ್ ಇಳಿಯುವಷ್ಟರಲ್ಲಿ ಹದಿನೈದು ಮೀಟರ್ ಮುಂದೆ ಹೋಗುತ್ತದೆ ಎಂದಿತ್ತು ಮೊದಲನೆಯ ಪುಸ್ತಿಕೆ. ಎರಡನೆಯದು ಹದಿನಾರು ಎಂದಿತ್ತು. ಮೂರನೆಯದು ಆ ಮಾತೇ ಎತ್ತದೆ, ಗಂಟೆಗೆ ನಲವತ್ತೈದು ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಎಂಬತ್ತು ಸೆಂಟಿಮೀಟರ್ ಇಳಿಯುತ್ತದೆ ಎಂದಷ್ಟೇ ಹೇಳಿ ಕೈತೊಳೆದುಕೊಂಡಿತ್ತು. ಕಾಲುವೆಯ ನೀರಿನ ಲೆಕ್ಕದಲ್ಲಿ ಪಳಗಿದ ಲಗಮಪ್ಪ ಭಾಗಾಕಾರ ಮಾಡಿ ಹದಿನೈದೂವರೆ ಚಿಲ್ಲರೆ ಎಂದು ತೆಗೆದ. ಹನ್ನೊಂದು ಗಂಟೆಗೇ ಪಟ್ಟಿ ಮುಗಿದು ಎರಡನೆಯ ಕಂಪನಿ ಗೆದ್ದಿತ್ತು.

ಟೈಪ್ ಮಾಡಲು ಕೂತ ಪ್ರತಿಮಾ ಸುಮ್ಮನೆ ಟೈಪ್ ಮಾಡಬಾರದೇ? ಪುಸ್ತಿಕೆಗಳ ಅಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನೂ ಓದಿದಳು. ಮೊದಲನೆಯ ಕಂಪನಿ ಅರವತ್ತು ಕಿಲೋದ ಚಾಲಕನನ್ನು ಹಾರಿಸಿ ಅಳೆದಿತ್ತು, ಎರಡನೆಯದು ತೊಂಬತ್ತು ಕಿಲೋದವನನ್ನು. ಮೂರನೆಯದು ಯಾರನ್ನಾದರೂ ಹಾರಿಸಿತ್ತೋ ಇಲ್ಲವೋ, ಅದನ್ನೂ ಹೇಳಿರಲಿಲ್ಲ.

ಜವಾನ ಸಾಬಣ್ಣ ತಿಮ್ಮಾಪುರದವನು. ಮನೆಯಲ್ಲಿ ಎರಡು ಬೇಟೆನಾಯಿ ಸಾಕಿದ್ದರಿಂದ ವೇಗದ ವಿಷಯದಲ್ಲಿ ತನ್ನದೇ ಕೊನೆಯ ಮಾತು ಎಂದು ನಂಬಿದ್ದ. ಚಹಾ ಇಡಲು ಬಂದವನು ಬಾಯಿ ಹಾಕಿದ.

"ನಾಯಿ ಮಾರಾವ್ರೂ ಹಿಂಗ ಹೇಳ್ತಾರ್ರಿ ಸರ್. ಒಬ್ಬಾಂವ ಇಳಿಜಾರಿನ್ಯಾಗ ಓಡಸ್ತಾನ, ಇನ್ನೊಬ್ಬಾಂವ ಗಾಳಿ ಬೆನ್ನಿಗಿದ್ದಾಗ ಓಡಸ್ತಾನ. ಒಂದ ಹೊಲದಾಗ, ಒಬ್ಬನ ಕೈಲಿಂದ ಬಿಡಿಸಿ ನೋಡ್ರಿ, ಖರೆ ಗೊತ್ತಾಕ್ಕೈತಿ."

ಮಾತು ಲಗಮಪ್ಪನಿಗೆ ನಾಟಿತು. ಪ್ರತಿಮಾ ಮೂರೂ ಕಂಪನಿಗಳಿಗೆ ಫೋನು ಹಚ್ಚಿ, ಒಂದೇ ತೂಕದ ಚಾಲಕನಿಗೆ ಲೆಕ್ಕ ಹಾಕಿ ಕೊಡಿ ಎಂದಳು. ಕೊಡೋಣ, ನಿಮ್ಮ ಚಾಲಕನ ತೂಕ ಎಷ್ಟು ಎಂದು ಮೂವರೂ ಕೇಳಿದರು. ಕಚೇರಿಯಲ್ಲಿ ಚಾಲಕ ಎಂದರೆ ಜೀಪಿನ ಕಾಮಣ್ಣ ಒಬ್ಬನೇ, ಅವನು ರಜೆಯಲ್ಲಿದ್ದ. ಯಾರ ತೂಕವಾದರೇನು, ನಿಮ್ಮದೇ ಕೊಟ್ಟರಾಯಿತು ಎಂದು ಸಾಬಣ್ಣ ಲಗಮಪ್ಪನ ರಟ್ಟೆ ಹಿಡಿದು ಎದುರಿನ ಬೆಲ್ಲದ ವ್ಯಾಪಾರಿ ಗಿರಮಲ್ಲಪ್ಪನ ಅಂಗಡಿಗೆ ಎಳೆದುಕೊಂಡು ಹೋದ.

ಗಿರಮಲ್ಲಪ್ಪ ನೆಲದ ಮೇಲಿನ ಹಲಗೆ ತಕ್ಕಡಿಯಿಂದ ಬೆಲ್ಲದ ಪೆಂಟಿ ಇಳಿಸಿ ಲಗಮಪ್ಪನನ್ನು ಏರಿಸಿದ. ಅದು ನೆಲದಿಂದ ಗೇಣು ಎತ್ತರ ಇದ್ದೀತು. ಅಷ್ಟಕ್ಕೇ ಹೆದರಿ ಲಗಮಪ್ಪ ಸಾಬಣ್ಣನ ಹೆಗಲಿಗೆ ಜೋತುಬಿದ್ದದ್ದರಿಂದ ಮೊದಲ ಸಲ ಐವತ್ತೆಂಟೇ ಬಂತು. ಕೈ ಬಿಡಿಸಿದ ಮೇಲೆ ಎಪ್ಪತ್ತಮೂರಾಯಿತು. ಚೀಲದ ತೂಕ ಕಳೆದೇ ಅಭ್ಯಾಸವಾಗಿದ್ದ ಗಿರಮಲ್ಲಪ್ಪ ಅಂಗಿ, ಪ್ಯಾಂಟು, ಚಪ್ಪಲಿಗೆಂದು ಒಂದು ಕಿಲೋ ಮುರಿದು ಎಪ್ಪತ್ತೆರಡಕ್ಕೆ ಗಟ್ಟಿ ಮಾಡಿದ. ನೆರೆದಿದ್ದವರು ಮದುವೆಗೆ ಮುಂಚೆ ಎಷ್ಟಿತ್ತು ಎಂದು ವಿಚಾರಿಸಿದರು.

ಕಂಪನಿಯವರಿಗೆ ತೂಕವೊಂದೇ ಸಾಲಲಿಲ್ಲ. ಹೆಸರು, ಎತ್ತರ, ಭುಜದ ಅಗಲ, ಸೊಂಟದ ಸುತ್ತಳತೆಯೂ ಬೇಕೆಂದರು. ಇಷ್ಟು ಕೇಳುತ್ತಾರೆಂದರೆ ಲೆಕ್ಕ ಪಕ್ಕಾ ಇರಬೇಕು ಎಂದು ಲಗಮಪ್ಪ ಖುಷಿಪಟ್ಟ. ಸಾಬಣ್ಣ ಟೇಪು ಹಿಡಿದು ಅಳೆದ, ಪ್ರತಿಮಾ ಫ್ಯಾಕ್ಸ್ ಮಾಡಿದಳು.

ನಾಲ್ಕೂವರೆಗೆ ಉತ್ತರಗಳು ಬಂದವು. ಒಂದೇ ತೂಕಕ್ಕೆ ತಂದು ನಿಲ್ಲಿಸಿದಾಗ ಮೂರೂ ಹದಿನೈದರ ಆಸುಪಾಸಿನಲ್ಲೇ ತೆಪ್ಪಗೆ ಕೂತಿದ್ದವು. ಲಗಮಪ್ಪ ಹೊಸ ಪಟ್ಟಿ ಬರೆದ, ಚಾಲಕನ ಹೆಸರು, ತೂಕ ಎಂಬಲ್ಲಿ ತನ್ನವನ್ನೇ ತುಂಬಿದ. ಅಡಿಯಲ್ಲಿ, ಸಾಬಣ್ಣನ ಮಾತನ್ನೇ ಕಚೇರಿಯ ಕನ್ನಡಕ್ಕೆ ತಿರುಗಿಸಿ, 'ಮೂರನ್ನೂ ಒಂದೇ ಸ್ಥಳದಲ್ಲಿ, ಒಂದೇ ದಿನ, ಮೇಲ್ಕಂಡ ಚಾಲಕನಿಂದಲೇ ಪರೀಕ್ಷಿಸತಕ್ಕದ್ದು' ಎಂದು ಷರಾ ಹಾಕಿದ. ಬರೆದು ಮುಗಿಸಿದಾಗ ಅವನಿಗೇ ತನ್ನ ಮೇಲೆ ಗೌರವ ಬಂತು.

ಸಾಹೇಬರು ಎರಡು ಸಲ ಓದಿದರು. ಫೋನು ಎತ್ತಿ ಮೇಲಿನವರಿಗೂ ಷರಾ ಓದಿ ಹೇಳಿದರು. ಆಮೇಲೆ ಡ್ರಾವರಿನಿಂದ ಅರ್ಜಿ ತೆಗೆದು ಸಹಿ ಹಾಕಿ, ನಾಳೆಯಿಂದ ಟಾಕಿ ಹತ್ತುವುದು ಬೇಡ ಎಂದರು. ಲಗಮಪ್ಪನ ಕಣ್ಣು ತುಂಬಿ ಬಂತು. ಮನೆಯಲ್ಲಿ ಹೆಂಡತಿ ಮಾದೇವಿಗೆ ಈ ಸುದ್ದಿಯನ್ನು ಹೇಗೆ ಹೇಳಲಿ ಎಂದು ಯೋಚಿಸತೊಡಗಿದ.

"ಟಪಾಲು ವಿಭಾಗಕ್ಕ ಉತ್ಸವ ಮುಗದ ಮ್ಯಾಲ ಹೋಗ್ರಿ," ಎಂದರು ಸಾಹೇಬರು.

"ಅಲ್ಲೀತನಕ ಏನ್ ಮಾಡ್ಲಿರಿ ಸರ್?"

"ನಿಮ್ಮ ಷರಾ ಮ್ಯಾಲಿನವರಿಗೆ ಭಾಳ ಸೇರೈತಿ. ಸೋಮವಾರ ಮೂರೂ ಕಂಪನಿಯವರು ಗ್ಲೈಡರ್ ತಗೊಂಡ ಗುಡ್ಡಕ್ಕ ಬರ್ತಾರ. ಹಾರೂಮುಂದ ಮೈಗೆ ಕಟ್ಟೂ ಪಟ್ಟಾ ನಿಮ್ಮ ಅಳತಿಗೇ ಹೊಲ್ಯಾಕತ್ತಾರಂತ. ಅಂಜಬ್ಯಾಡ್ರಿ, ಹಾರೂಕಿಂತ ಮೊದಲ ಎರಡ ದಿನ ಕಲಸ್ತಾರ."

ಲಗಮಪ್ಪ ಪಟ್ಟಿಯನ್ನು ಇಸಿದುಕೊಂಡು, ಎಲ್ಲಾದರೂ ಒಂದು ತಪ್ಪು ಸಿಕ್ಕೀತೇ ಎಂದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವನು ಒಂದೂ ತಪ್ಪಿಲ್ಲದೆ ಬರೆದ ಮೊದಲ ಪಟ್ಟಿ ಅದಾಗಿತ್ತು.