ಗುರುಶಾಂತರ ಗಾಳಿ ಪೈಪು

ಎಂಟು ತಿಂಗಳು ಹಗಲುಗನಸು ಕಂಡು ಒಂದು ಪೈಪು ಆರಿಸಿದ ಗಂಡಸಿಗೆ ಸ್ವಂತ ಮನೆಯಲ್ಲೇ ಮರ್ಯಾದೆ ಇಲ್ಲವೆಂದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ? ಮಹಾರಾಷ್ಟ್ರ ಗಡಿಯ ನಿಲಂಗಾ ಕೋರ್ಟಿನ ಗುಮಾಸ್ತ ಗುರುಶಾಂತರ ದುಃಖ ಇದೇ.

ಹಿತ್ತಲಿನ ಪಡಸಾಲೆಯಲ್ಲಿ ಮರಗೆಲಸದ ಕಾರ್ಖಾನೆ ತೆರೆಯುವುದು ಅವರ ಜೀವನದ ಆಸೆ. ಹಳೆಯದೊಂದು ಕಂಪ್ರೆಸರ್ ತಂದಿದ್ದರು. ಅದರ ಗಾಳಿಯಿಂದ ಬಣ್ಣ ಸಿಂಪಡಿಸಬಹುದು, ಮೊಳೆ ಹೊಡೆಯಬಹುದು. ಆದರೆ ಗಾಳಿ ಗೋಡೆಗುಂಟ ಹರಿದು ಬರಲು ಪೈಪು ಬೇಕಲ್ಲ! ಯಾವ ಪೈಪು? ಮಧ್ಯಾಹ್ನ ಹೊರಸಿನ ಮೇಲೆ ಮಲಗಿ ಗೋಡೆ ನೋಡುತ್ತಿದ್ದರೆ, ಬೆಳ್ಳಿ ಬಣ್ಣದ ಪೈಪೊಂದು ತಾನಾಗಿ ಬೆಳೆದು ಮೂಲೆ ತಿರುಗುತ್ತಿತ್ತು. ಒಳಗೆ ಗಾಳಿ ಮೆಲ್ಲಗೆ ಅವರ ಹೆಸರು ಹಿಡಿದು ಕರೆಯುತ್ತಿತ್ತು.

ಪೈಪುಗಳ ವಿಚಾರಣೆ ಶುರುವಾಯಿತು. ಪ್ಲಾಸ್ಟಿಕ್ಕಿನದು ಒತ್ತಡಕ್ಕೆ ಸಿಡಿದರೆ ಚೂರು ಕಣ್ಣಿಗೇ ಹಾರುತ್ತದೆ, ಅರ್ಜಿ ವಜಾ. ಅಲ್ಯೂಮಿನಿಯಂ ಚೆಲುವೆಯನ್ನು ಮೊಬೈಲಿನಲ್ಲಷ್ಟೇ ಕಂಡು, ಬೆಲೆ ಓದಿ, ದೂರದಿಂದಲೇ ಪ್ರೀತಿಸಿ ಬಿಟ್ಟುಕೊಟ್ಟರು. ತಾಮ್ರ ಎಂದದ್ದೇ ತಡ, ಹೆಂಡತಿ ಶಿವಕಾಂತಮ್ಮ ಒಲೆ ಮುಂದಿನಿಂದಲೇ ಕೂಗಿದರು: "ತಾಮ್ರ ತರೂದಿದ್ರ ಹಂಡೇ ತರ್ರಿ!" ಕೊನೆಗೆ ಸತುವಿನ ಲೇಪದ ಕಬ್ಬಿಣದ ಪೈಪಿನ ಪರ ತೀರ್ಪಾಯಿತು.

"ಬರೂ ಐತಾರದೊಳಗ ಈ ಕಪಾಟಿಗಿ ಬಣ್ಣಾ ಹೊಡದು ತೋರಸ್ರಿ," ಎಂದರು ಶಿವಕಾಂತಮ್ಮ. "ಇಲ್ಲಂದ್ರ ಪಡಸಾಲಿ ನನ್ನ ಜ್ವಾಳದ ಚೀಲಕ್ಕ."

ನಳ ಜೋಡಿಸುವ ಅಂಬಾದಾಸ ಬಂದ. ಗಾಳಿಯಲ್ಲಿನ ತೇವ ನೀರಾಗಿ ಪೈಪಿನಲ್ಲಿ ನಿಲ್ಲಬಾರದೆಂದು ಗುರುಶಾಂತರು ದಾರ ಹಿಡಿದು ಇಳಿಜಾರು ಅಳೆದರು. ಮುಂದೆ ತರಲಿರುವ ನಾಲ್ಕು ಯಂತ್ರಗಳಿಗೆ (ಅವೂ ಸದ್ಯ ಕನಸಿನಲ್ಲೇ ಇದ್ದವು) ನಾಲ್ಕು ಬಾಯಿ ಬಿಡಿಸಿದರು. ಅಂಬಾದಾಸ ನಾಲ್ಕಕ್ಕೂ ಹಿತ್ತಾಳೆಯ ನಳ ತಿರುಪಿದ. "ಸಾಹೇಬ್ರ, ಪೈಪ್ ಅಂದಮ್ಯಾಲ ತುದಿಗಿ ನಳ ಇರಬೇಕ್ರಿ," ಎಂದ. ಅವನಿಗೆ ಗೊತ್ತಿದ್ದ ಪೈಪುಶಾಸ್ತ್ರ ಅಷ್ಟೇ.

ಭಾನುವಾರ ಬೆಳಿಗ್ಗೆ ಗುರುಶಾಂತರು ಯಂತ್ರ ಚಾಲೂ ಮಾಡಿದರು. ದಡದಡ ಸದ್ದು. ಒಂದು ನಳ ತಿರುಗಿಸಿದರು. ಸುಸ್‌‌ಸ್... ಅವರ ಕಣ್ಣು ತಾನಾಗಿ ಮುಚ್ಚಿತು.

ಆ ಗಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು. ಹೊತ್ತುಗೊತ್ತಿಲ್ಲ. ಮೊದಲು ನಳದಲ್ಲಿ ಹೀಗೇ ಗಾಳಿ ಸುಸ್ಸೆನ್ನುತ್ತದೆ, ಆಮೇಲೆ ನೀರು. ಕೆಲವು ಪಾಪಿಗಳು ನಳಕ್ಕೆ ಮೋಟರ್ ಹಚ್ಚಿ ಎಲ್ಲರ ಪಾಲೂ ಎಳೆದುಕೊಳ್ಳುವುದುಂಟು. ಪಕ್ಕದ ಮನೆಯ ಸರಸ್ವತಿಬಾಯಿ ದಡದಡವನ್ನೂ ಕೇಳಿದರು, ಸುಸ್ಸನ್ನೂ ಕೇಳಿದರು.

"ಅಗಂ ಬಾಯೀ, ಪಾಣೀ ಆಲಂ! ನೀರ ಬಂದಾವ! ಗುರುಶಾಂತಣ್ಣ ಮೋಟರ್ ಹಚ್ಯಾನ!"

ಕಣ್ಣು ತೆರೆದಾಗ ಹಿತ್ತಲ ತುಂಬ ಕೊಡಗಳು, ಕೊಡಗಳ ಹಿಂದೆ ಹೆಂಗಸರು.

"ಅಕ್ಕಾರ, ಇದು ನೀರಲ್ರೀ, ಬರೇ ಗಾಳಿ!"

"ಗೊತ್ತದ. ಮೊದ್ಲ ಗಾಳೀನೇ ಬರ್ತದ," ಎಂದರು ಸರಸ್ವತಿಬಾಯಿ, ಕೊಡ ಬೋರಲು ಹಾಕಿ ಅದರ ಮೇಲೇ ಕೂತು. "ಕಾಯ್ತೀವಿ."

ತಮ್ಮ ನಿರಪರಾಧಿತ್ವ ಸಾಬೀತುಪಡಿಸಲು ಗುರುಶಾಂತರು ಕೊನೆಯ ನಳವನ್ನೂ ತೆರೆದರು. ದಾರ ಹಿಡಿದು ಮಾಡಿದ ಇಳಿಜಾರು ಸುಳ್ಳಾಗುತ್ತದೆಯೇ? ಗಾಳಿಯ ತೇವವೆಲ್ಲ ಅಲ್ಲಿಗೇ ಇಳಿದಿತ್ತು. ಪಿಚಕ್ಕೆಂದು ಎರಡು ಚಮಚ ನೀರು ಬಿತ್ತು.

"ಬಂತು!" ಹಿತ್ತಲೇ ಕೂಗಿತು.

ಗುರುಶಾಂತರು ದೀನರಾಗಿ ಹೆಂಡತಿಯ ಕಡೆ ನೋಡಿದರು. ಶಿವಕಾಂತಮ್ಮ ಮಾತ್ರ ನಳಗಳನ್ನು ನೋಡುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು.

"ಮೋಟರ್ ಅಲ್ಲವ್ವಾ, ಅದು ಗಾಳಿ ಮಷೀನ," ಎಂದರು ನಿಧಾನವಾಗಿ. "ಆದ್ರ ಈ ಪೈಪ್ ನಮ್ಮ ನೀರಿನ ಲೈನಿಗಿ ಹಚ್ಚಿದ್ರ ನಾಕ ಮಂದಿ ಒಮ್ಮೇ ತುಂಬಕೋಬಹುದು. ಪಾಳಿ ಇಲ್ಲ, ಜಗಳಿಲ್ಲ."

ಊಟದ ಹೊತ್ತಿಗೆ ಅಂಬಾದಾಸ ಮತ್ತೆ ಬಂದಿದ್ದ. ಬಣ್ಣ ಕಾಣದ ಕಪಾಟು ಒಳಗೆ ಹೋಯಿತು, ಕಂಪ್ರೆಸರ್ ಜೋಳದ ಚೀಲಗಳ ಹಿಂದೆ ಸರಿಯಿತು. ಕಾರ್ಖಾನೆಯ ಮಾತು ಅಲ್ಲಿಗೆ ಮುಗಿಯಿತು. ಗುರುಶಾಂತರಿಗೆ ಅಳುವೇ ಬಂದಿತ್ತು. ಆಗ ಸರಸ್ವತಿಬಾಯಿ ಪೈಪಿನ ಮೇಲೆ ಕೈಯಾಡಿಸಿ, "ಪೈಪ್ ಮಾತ್ರ ಭಾರಿ ಆರಿಸ್ಯಾನ ನೋಡ್ರಿ ಅಣ್ಣ!" ಎಂದರು. ಎಂಟು ತಿಂಗಳಲ್ಲಿ ಯಾರೂ ಆಡದ ಮಾತದು. ಗುರುಶಾಂತರು ಕಣ್ಣೊರೆಸಿಕೊಂಡು, ತಾವೇ ನಳ ಬಿಗಿಯುವ ಪಾನಾ ಎತ್ತಿ ಅಂಬಾದಾಸನ ಕೈಗೆ ಕೊಟ್ಟರು.

ಈಗ ನೀರಿನ ದಿನ ಎಲ್ಲರಿಗಿಂತ ಮೊದಲು ಹಿತ್ತಲಿಗೆ ಬರುವವರು ಅವರೇ. ನಾಲ್ಕೂ ನಳ ತೆರೆದಿಟ್ಟು ನಿಲ್ಲುತ್ತಾರೆ. ಸುಸ್‌‌ಸ್... ಎರಡು ನಿಮಿಷ, ಬರೀ ಎರಡೇ ನಿಮಿಷ, ಅವರ ಪೈಪಿನ ತುಂಬ ಗಾಳಿ. ಮುಚ್ಚಿದ ಕಣ್ಣೊಳಗೆ ಕಪಾಟು ನವಿಲು ಬಣ್ಣಕ್ಕೆ ತಿರುಗುತ್ತದೆ, ಮರದ ಪುಡಿ ಬಿಸಿಲಲ್ಲಿ ತೇಲುತ್ತದೆ.

"ಗಾಳಿ ಮುಗೀತ್ರಿ," ಶಿವಕಾಂತಮ್ಮ ಮೊಣಕೈಯಿಂದ ತಿವಿಯುತ್ತಾರೆ. "ಈ ಕೊಡ ಹಿಡೀರಿ."