ಬಸ್ಸು ಹಾರಿದ ಹೋರಿ

ದನ ಕುರಿ ಕಟ್ಟಿಕೊಂಡವನ ಮನೆಯಲ್ಲಿ ದಿನಕ್ಕೊಂದು ಫಜೀತಿ ಇದ್ದದ್ದೇ. ಏನೂ ಆಗದ ದಿನ ನನಗೇ ಗಾಬರಿಯಾಗಿ, ಕೊಟ್ಟಿಗೆಗೆ ಹೋಗಿ ಎಲ್ಲ ಉಸಿರಾಡ್ತಾ ಅದಾವೋ ಇಲ್ಲೋ ಅಂತ ನೋಡಿ ಬರುತ್ತಿದ್ದೆ.

ಮೊದಲು ದೊಡ್ಡದನ್ನೇ ಹೇಳಿಬಿಡುತ್ತೇನೆ. ನನ್ನ ಹೋರಿ ಒಂದು ಸಲ ಚನ್ನಗಿರಿ ಬಸ್ಸನ್ನು ಹಾರಿ ದಾಟಿತು. ಪಕ್ಕದಿಂದಲ್ಲ, ಮೇಲಿಂದ. ಟಾಪಿನ ಮೇಲೆ ಕಟ್ಟಿದ್ದ ಟೊಮೆಟೊ ಬುಟ್ಟಿಗೂ ಗೊರಸು ತಾಗಲಿಲ್ಲ. ವರ್ಷ ಕಳೆದು, ಕಣ್ಣಾರೆ ಕಂಡ ಡ್ರೈವರು ತೀರಿಕೊಂಡ, ಕಂಡಕ್ಟರೂ ಹೋದ, ಹೋರಿ ಹೋಯಿತು, ಬಸ್ಸು ಗುಜರಿ ಸೇರಿತು. ಈಗ ನಮ್ಮ ಜಗಲಿ ಮೇಲೆ ಕೂತ ನಿಮ್ಮಲ್ಲಿ ಯಾರಾದರೂ ಸುಳ್ಳು ಅನ್ನಿ, ನೋಡೋಣ.

ಬೀಗರು ಹೊದ್ದ ಕಂಬಳಿ

ಎಪ್ಪತ್ತೈದು ಎಪ್ಪತ್ತಾರರ ಮಾತು. ಸೊಕ್ಕೆ ಕಡೆ ನಮ್ಮ ಹೊಲದಲ್ಲಿ ನಾಲ್ಕು ಅಮೃತಮಹಲ್ ಆಕಳು, ಅದೇ ತಳಿಯ ಒಂದು ಹೋರಿ, ಒಂದು ಮಂದೆ ಕರಿ ಕುರಿ. ಸುತ್ತಲಿನವರು ಸೀಮೆ ಹಸು ಕಟ್ಟಿ ಬಕೆಟ್ ತುಂಬ ಹಾಲು ಕರೆಯುತ್ತಿದ್ದರು. ನನ್ನ ಆಕಳು ಕೊಡುತ್ತಿದ್ದದ್ದು ಒಂದು ಚೊಂಬು, ಅದೂ ಕರು ಕುಡಿದು ಮಿಕ್ಕರೆ. ಆದರೆ ಎಂಥಾ ಹಾಲು ಅಂತೀರಿ. ನಮ್ಮ ಬೆಕ್ಕು ಅದನ್ನು ಕುಡಿಯುತ್ತಿರಲಿಲ್ಲ, ಕಚ್ಚಿ ತಿನ್ನುತ್ತಿತ್ತು.

ಹೋರಿ ಮಾತ್ರ ಬೆಂಕಿ. ಕೊಂಬು ಒಂದೊಂದು ಮಾರುದ್ದ. ಹೊಸಬರು ಕಂಡರೆ ಹಾಯಾಕೆ ಬರುತ್ತಿತ್ತು. ಅದಕ್ಕೆ ಇದ್ದದ್ದು ಒಂದೇ ಮದ್ದು, ಹೊಸ ಕಂಬಳಿ. ನಮ್ಮ ಕುರಿ ಉಣ್ಣೆಯಲ್ಲಿ ನೇಯ್ದ ಕಂಬಳಿ ಬಿರುಸಾಗಲಿ ಅಂತ ಹುಣಸೆಬೀಜ ಅರೆದು ಗಂಜಿ ಕಾಸಿ ಹಚ್ಚುತ್ತಾರೆ. ಆ ಗಂಜಿಯ ರುಚಿ ಇದಕ್ಕೆ ಹತ್ತಿಬಿಟ್ಟಿತ್ತು. ಹೊಸ ಕಂಬಳಿ ಸಿಕ್ಕರೆ ಮಗುವಿನ ಹಾಗೆ ನಿಂತು ನೆಕ್ಕುತ್ತಾ ಜಗಿಯುತ್ತಾ ಇರುತ್ತಿತ್ತು.

ನಮ್ಮ ಮಗಳನ್ನು ಕೊಟ್ಟ ಗೋವಿನಕೋವಿ ಬೀಗರು ಬಂದಿದ್ದರು. ಚೊಂಬಿನ ಹಾಲು ನೋಡಿ ನಕ್ಕರು. ಇಂಥ ಹೋರಿ ತಾವು ಎಷ್ಟೋ ನೋಡಿದ್ದೇವೆ, ಈಗಲೇ ಹೋಗಿ ಮೈ ತಿಕ್ಕಿ ಬರುತ್ತೇವೆ ಅಂತ ಎದ್ದರು. ಮೈಮೇಲಿನ ಅಂಗಿ ಧೋತರವೆಲ್ಲ ಗರಿಗರಿ ಇಸ್ತ್ರಿ, ಅದಕ್ಕೂ ಗಂಜಿ ಹಾಕಿದ್ದರು ಅಂತ ಕಾಣುತ್ತದೆ. ನಾನು ಬೇಡ ಅನ್ನಲಿಲ್ಲ. ಒಂದು ಹೊಸ ಕಂಬಳಿ ಹೊದಿಸಿ ಕಳಿಸಿದೆ.

ಸ್ವಲ್ಪ ಹೊತ್ತಿಗೆ ವಾಪಸ್ ಬಂದರು. ಕಂಬಳಿ ಟವೆಲ್ಲಿನಷ್ಟಾಗಿತ್ತು. ಅದನ್ನೇ ಸೊಂಟಕ್ಕೆ ಸುತ್ತಿಕೊಂಡಿದ್ದರು.

"ಬೀಗರೇ, ನಿಮ್ಮ ಹೋರಿ ಭಾಳ ಸಾಧು ಐತ್ರಿ," ಅಂದರು, "ಮೈಮೇಲೆ ಬಟ್ಟೆ ಇರೋ ತನಕ."

ಬಣವೆ ಮೇಲಿನ ಡಾಕ್ಟರು

ಮರುವರ್ಷ ದನದ ಡಾಕ್ಟರು ಒಂದು ದೊಡ್ಡ ಇಕ್ಕಳ ಹಿಡಿದು ಬಂದರು. ಊರಿನ ನಾಟಿ ಹೋರಿಗಳಿಗೆಲ್ಲ ಬೀಜ ಒಡೆಯಬೇಕು, ಇನ್ನು ಮೇಲೆ ಹೋರಿ ಬೇಕಾಗಿಲ್ಲ, ತಾವೇ ಸೂಜಿ ಕೊಟ್ಟು ಕರು ಹಾಕಿಸುತ್ತೇವೆ ಅಂದರು.

ಸುತ್ತ ಹತ್ತೂರಿನಲ್ಲಿ ಆ ತಳಿಯ ಹೋರಿ ಉಳಿದಿದ್ದದ್ದು ಇದೊಂದೇ. ಇದಕ್ಕೆ ಒಡೆದರೆ ನನ್ನ ನಾಲ್ಕು ಆಕಳಿಗೆ ಮುಂದೆ ಆ ತಳಿ ಕರುವೇ ಇಲ್ಲ. ಕೈ ಮುಗಿದು ಹೇಳಿದೆ. ಅವರು ಕೇಳದೆ ಇಕ್ಕಳ ಎತ್ತಿಕೊಂಡು ನಡೆದೇಬಿಟ್ಟರು.

ಹೋರಿಗೂ ಇಕ್ಕಳ ಕಂಡಿತು. ನಾನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಡಾಕ್ಟರು ಹುಲ್ಲಿನ ಬಣವೆ ಮೇಲಿದ್ದರು. ಬೆಳಿಗ್ಗೆ ಹತ್ತಿದವರು ಮಧ್ಯಾಹ್ನ ಆದರೂ ಇಳಿಯಲಿಲ್ಲ. ಕವೆಗೋಲಿಗೆ ಬುತ್ತಿ ಸಿಕ್ಕಿಸಿ ರೊಟ್ಟಿ ಕೊಟ್ಟೆ. ಉಂಡ ಮೇಲೆ ಮನಸ್ಸು ಮೆತ್ತಗಾಯಿತು. ಮುಂದಿನ ವಾರ ಚನ್ನಗಿರಿಯಲ್ಲಿ ದೊಡ್ಡ ಡಾಕ್ಟರು ದನ ನೋಡುತ್ತಾರೆ, ಅಲ್ಲಿ ಹೋರಿ ಜನರ ನಡುವೆ ಹಾಯದೆ ನಿಂತು, ನೀವು ತಳಿಗೆ ಬಿಡಬಹುದು ಅಂತ ಅವರ ಕೈಯಲ್ಲಿ ಚೀಟಿ ಬರೆಸಿಕೊಂಡು ಬಂದರೆ ಬಿಡುತ್ತೇನೆ, ಇಲ್ಲಾಂದರೆ ಇಕ್ಕಳ ಅಂದರು.

"ಆಗ್ಲಿ ಸಾರ್, ಕೆಳಗೆ ಬರ್ರಿ," ಅಂದೆ.

"ಮೊದಲು ಅದನ್ನ ಕಟ್ರಿ."

"ಅದು ಕಟ್ಟಿಸ್ಕೊಳ್ಳಂಗಿದ್ರೆ ನೀವು ಅಲ್ಯಾಕೆ ಇರ್ತಿದ್ರಿ ಸಾರ್?"

ಸಂತೇಬೆನ್ನೂರಿನ ತಿರುವು

ನಾಲ್ಕು ದಿನದ ದಾರಿ. ಹಗ್ಗ ಹಿಡಿದು ಹೊರಟೆ. ಎರಡನೇ ದಿನ ನೆನಪಾಯಿತು, ಹೊಸ ಕಂಬಳಿ ಮನೆಯಲ್ಲೇ ಉಳಿದಿದೆ. ಕಂಬಳಿ ಇಲ್ಲದೆ ಇದು ಜನರ ನಡುವೆ ನಿಲ್ಲುವ ಮಾತೇ ಇಲ್ಲ. ದಾವಣಗೆರೆ ದಾಟುವ ಹೊತ್ತಿಗೆ ಅದರ ಕಣ್ಣು ಕೆಂಡ. ಎದುರಿಗೆ ಬಂದವರು ಹೊಲಕ್ಕಿಳಿದು ನಿಲ್ಲುತ್ತಿದ್ದರು.

ಸಂತೇಬೆನ್ನೂರಿನ ತಿರುವಿನಲ್ಲಿ ಬಸ್ಸು ಬಂತು. ಹೋರಿ ಒಂದು ಸಲ ನೋಡಿತು, ಹಗ್ಗ ಕಿತ್ತಿತು, ಎಗರಿತು ನೋಡಿ. ಹೊಟ್ಟೆಯ ನೆರಳು ಬಸ್ಸಿನ ಮೇಲೆ ಮೋಡದ ಹಾಗೆ ಹಾದುಹೋಯಿತು. ದೊಡ್ಡ ಡಾಕ್ಟರು ಅದೇ ಬಸ್ಸಿನಲ್ಲಿದ್ದರು. ಬೆರಗಾಗಿ ಅಲ್ಲೇ ಚೀಟಿ ಬರೆದು ಕೊಟ್ಟರು. ಹೋರಿ ಉಳಿಯಿತು, ತಳಿ ಉಳಿಯಿತು.

ಇಷ್ಟು ಹೇಳಿ ಮುಗಿಸುವಾಗ ಜಗಲಿಯವರೆಲ್ಲ ಬಾಯಿ ಬಿಟ್ಟು ಕೂತಿದ್ದರು. ಅಷ್ಟರಲ್ಲಿ ನಮ್ಮ ಮನೆಯಾಕೆ ಟೀ ತಂದಳು.

"ಡಾಕ್ಟರು ಕೇಳಿದ್ದು ಸುಮ್ನೆ ನಿಲ್ಲೋ ಹೋರಿ," ಅಂದಳು. "ಬಸ್ ಹಾರೋ ಹೋರಿಗೆ ಯಾರ್ರೀ ಚೀಟಿ ಕೊಡ್ತಾರೆ?"

ನಾನು ಟೀ ಆರಿಸಿಕೊಳ್ಳುತ್ತಾ ಕೂತೆ.

"ನೀವು ಮರೆತು ಹೋದ ಕಂಬಳಿ ತಗೊಂಡು ಆ ಬಸ್ಸಿನಾಗೆ ಬಂದೋಳು ನಾನು. ದೊಡ್ಡ ಡಾಕ್ಟರು ನನ್ನ ಹಿಂದಿನ ಸೀಟು. ರಸ್ತೆ ನಡುವೆ ನಿಂತು ಬಸ್ ಬಿಡ್ತಿರಲಿಲ್ಲ ನಿಮ್ಮ ಹೋರಿ. ನಾನು ಕಿಟಕೀಲಿ ಕಂಬಳಿ ಇಳಿಬಿಟ್ಟೆ. ಪಕ್ಕಕ್ಕೆ ಬಂದು ಅರ್ಧ ಗಂಟೆ ನೆಕ್ತಾ ನಿಂತ್ಕೊಂತು. ಇಂಥ ಸಾಧು ಹೋರಿ ನೋಡೇ ಇಲ್ಲ ಅಂತ ಡಾಕ್ಟರು ಕೂತಲ್ಲೇ ಚೀಟಿ ಬರೆದ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೆಗಲು ಕೊಡವಿ ಟೀ ಕುಡಿದೆ.

"ನಿಂತಿತ್ತು ಕಣೆ, ನಾನೇನು ಇಲ್ಲ ಅಂದ್ನಾ? ಹಾರಿದ್ಮೇಲೆ ನಿಂತಿತ್ತು. ಬಸ್ಸಿನ ಒಳಗೆ ಕೂತೋಳಿಗೆ ಟಾಪಿನ ಮೇಲೆ ಹೋಗಿದ್ದು ಹೆಂಗೆ ಕಾಣ್ತೈತೆ?"