ಹೂಬತ್ತಿ ತುರುಕಿದ ಬೂಟು

ಬೆಳಗಿನ ಐದೂಕಾಲರ ರೈಲನ್ನು ಇನ್ನು ಈ ಜನ್ಮದಲ್ಲಿ ಹತ್ತುವುದಿಲ್ಲ ಎಂದು ಕಮಲಾಕ್ಷ ಶಪಥ ಮಾಡಿ ಇಪ್ಪತ್ತಾರು ದಿನಗಳಾಗಿದ್ದವು. ಇಪ್ಪತ್ತೇಳನೆಯ ದಿನ, ಒಂದು ಭಾನುವಾರ, ಅವನು ಅದೇ ರೈಲಿನ ಅದೇ ಬೋಗಿಯಲ್ಲಿ ಕೂತು ಆಕಳಿಸುತ್ತಿದ್ದ. ಮಡಿಲಲ್ಲಿ ದೃಢೀಕರಿಸಿದ ಪ್ರತಿಗಳ ದಪ್ಪ ಫೈಲು. ಪಕ್ಕದಲ್ಲಿ ಬೂಟಿನ ಚೀಲವನ್ನು ಅಪ್ಪಿಕೊಂಡು ನಿದ್ದೆ ಹೊಡೆಯುತ್ತಿದ್ದ ಹದಿನೈದರ ಮಗಳು ಅಪೂರ್ವಾ.

ಕಾಸರಗೋಡಿನ ಈ ಕಮಲಾಕ್ಷ ಸರಕಾರದ ಕಾನೂನು ಕಚೇರಿಯಲ್ಲಿ ಕನ್ನಡ ದಾಖಲೆಗಳ ಅನುವಾದಕ. ಹೆಂಡತಿ ಸೌದಾಮಿನಿಗೆ ತಿರುವನಂತಪುರದಲ್ಲಿ ಕೆಲಸ, ಇವನಿಗೆ ಎರ್ನಾಕುಲಂನಲ್ಲಿ. ಆರು ವರ್ಷ ಸೋಮವಾರ ಬೆಳಿಗ್ಗೆ ಹೋಗುವುದು, ಶುಕ್ರವಾರ ಸಂಜೆ ಬರುವುದು. ಕಾಡಿ ಬೇಡಿ ಕೊನೆಗೂ ತಿರುವನಂತಪುರಕ್ಕೆ ವರ್ಗವಾದಾಗ ರೈಲಿನ ಗೆಳೆಯರೆಲ್ಲ ಸೇರಿ ಅವನಿಗೆ ಓಡುವ ಬೋಗಿಯಲ್ಲೇ ಬೀಳ್ಕೊಡುಗೆ ಮಾಡಿದ್ದರು. ಶಾಲು ಹೊದಿಸಿದವನು ಟಿಕೆಟ್ ತಪಾಸಣೆಯ ಇಬ್ರಾಹಿಂ, ಅವನೂ ಕಾಸರಗೋಡಿನವನೇ.

"ಎಂತ ಸಾರ್ ಇದು? ಶಾಲು ಹೊದ್ದು ಒಂದು ತಿಂಗಳು ಆಗ್ಲಿಲ್ಲ, ಮತ್ತೆ ಬಂದು ಕೂತಿದ್ದೀರಿ!" ಎಂದ ಇಬ್ರಾಹಿಂ, ಟಿಕೆಟ್ ನೋಡುವುದನ್ನೂ ಮರೆತು.

"ಇವತ್ತೊಂದು ದಿನ ಮಾತ್ರ ಮಾರಾಯ. ಮಗಳಿಗೆ ಫುಟ್‌ಬಾಲ್ ಟ್ರಯಲ್ಸ್ ಉಂಟು."

ಕೊಚ್ಚಿಯ ಒಂದು ಮಹಿಳಾ ಕ್ಲಬ್ಬು ಹದಿನಾರರೊಳಗಿನ ಹುಡುಗಿಯರನ್ನು ಹುಡುಕುತ್ತಿತ್ತು. ಆಯ್ಕೆಯಾದವರಿಗೆ ಎರಡು ವರ್ಷ ತರಬೇತಿ, ಆಮೇಲೆ ಕಿರಿಯರ ತಂಡ, ಗಟ್ಟಿ ಇದ್ದರೆ ದೊಡ್ಡ ತಂಡದ ಕರಾರು. ಅಪೂರ್ವಾ ವಿಳಿಂಜಂ ಕಡಲತೀರದ ಹುಡುಗಿಯರ ಜೊತೆ ಮರಳಲ್ಲಿ ಓಡಿ ಓಡಿ, ಬಲಬದಿಯ ಅಂಚಿನಲ್ಲಿ ಮುನ್ನುಗ್ಗುವ ವಿಂಗರ್ ಆಗಿದ್ದಳು. ಬರುವ ವರ್ಷ ಅವಳಿಗೆ ಪ್ರಾಯ ಮೀರುತ್ತದೆ, ಹಾಗಾಗಿ ಇರುವುದು ಇದೊಂದೇ ಅವಕಾಶ. ಇವತ್ತು ಆಯ್ಕೆಯಾಗದಿದ್ದರೆ ಬೂಟು ಅಟ್ಟಕ್ಕೆ, ಮಗಳು ಎಂಟ್ರೆನ್ಸ್ ಕೋಚಿಂಗಿಗೆ ಎಂದು ಸೌದಾಮಿನಿ ತೀರ್ಪು ಕೊಟ್ಟಾಗಿತ್ತು.

ಕಮಲಾಕ್ಷ ಒಪ್ಪಿದ್ದು ಪ್ರಕಟಣೆಯ ಕೊನೆಯ ಸಾಲನ್ನು ನಾಲ್ಕು ಸಲ ಓದಿದ ಮೇಲೆ. ದಕ್ಷಿಣದ ಜಿಲ್ಲೆಗಳಿಂದ ಆಯ್ಕೆಯಾದವರಿಗೆ ಶನಿವಾರ, ಭಾನುವಾರದ ತರಬೇತಿ ತಿರುವನಂತಪುರದ ಮೈದಾನದಲ್ಲೇ ಎಂದು ಅದರಲ್ಲಿತ್ತು. ಆ ಮೈದಾನ ಅವನ ಮನೆಯಿಂದ ಹತ್ತು ನಿಮಿಷದ ನಡಿಗೆ. ಅವನು ಕೂಡಲೇ ಆ ಪುಟದ ಜೆರಾಕ್ಸ್ ತೆಗೆಸಿ, ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಹಾಕಿಸಿ ಫೈಲಿಗೆ ಸೇರಿಸಿದ್ದ. ಮೊಹರಿಲ್ಲದ ಕಾಗದವನ್ನು ಅವನು ನಂಬಿದವನಲ್ಲ.

ಅಂಥ ಮನುಷ್ಯ ಕಾಗದವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮರೆಯುತ್ತಿದ್ದ. ಆರು ವರ್ಷದ ಸೋಮವಾರಗಳಲ್ಲಿ ಅವನು ಆಟೊ ಹತ್ತಿದ ಮೇಲೆ ಏನಾದರೊಂದು ನೆನಪಾಗದೆ ಇದ್ದದ್ದೇ ಇಲ್ಲ. ಸೌದಾಮಿನಿ ಮೂರನೇ ಮಹಡಿಯ ಬಾಲ್ಕನಿಯಿಂದ ಕೊಡೆಯನ್ನೋ ಬುತ್ತಿ ಡಬ್ಬಿಯನ್ನೋ ಮೊಬೈಲನ್ನೋ ಎಸೆಯುವಳು, ಕೆಳಗೆ ನಿಂತ ಅಪೂರ್ವಾ ಹಿಡಿದು ಆಟೊದೊಳಗೆ ತುರುಕುವಳು. ಇವತ್ತು ಕೂಡ ಕನ್ನಡಕದ ಪೆಟ್ಟಿಗೆ ಕತ್ತಲಲ್ಲಿ ಹಾರಿ ಬಂದಿತ್ತು. ಅಪೂರ್ವಾ ಒಂದು ಕೈಯಲ್ಲಿ ಬೂಟಿನ ಚೀಲ ಹಿಡಿದೇ ಇನ್ನೊಂದರಲ್ಲಿ ಅದನ್ನು ಹಿಡಿದಿದ್ದಳು.

ರೈಲು ಒಂಬತ್ತು ಮುಕ್ಕಾಲಕ್ಕೆ ಕೊಚ್ಚಿಯ ಎರ್ನಾಕುಲಂ ನಿಲ್ದಾಣ ಮುಟ್ಟಿತು. ಹಾಜರಿ ಹನ್ನೊಂದಕ್ಕೆ. ನಡುವೆ ಪಾಲಾರಿವಟ್ಟಂನ ಕುಸುಮಾವತಿಯ ಮನೆಗೆ ಹೋಗದೆ ಗತಿಯಿರಲಿಲ್ಲ. ಕುಸುಮಾವತಿ ಹಳೆಯ ಸಹೋದ್ಯೋಗಿ ಮಹೇಶ್ವರನ ಹೆಂಡತಿ. ಅವಳ ತಂದೆಯ ಜಾಗದ ಕೇಸಿನಲ್ಲಿ ಹಳೆಯ ಕನ್ನಡ ದಸ್ತಾವೇಜನ್ನು ಅನುವಾದ ಮಾಡಿಕೊಟ್ಟವನು ಕಮಲಾಕ್ಷ. ಅದು ಅವನ ಸಂಬಳದ ಕೆಲಸ, ಆದರೆ ಕೇಸು ಗೆದ್ದಿತು. ಅಂದಿನಿಂದ ಕುಸುಮಾವತಿಯ ಕೃತಜ್ಞತೆ ಉಪ್ಪಿನಕಾಯಿ, ಹಪ್ಪಳ, ಹಲಸಿನ ಬೀಜದ ಸಾಂತಾಣಿಗಳ ರೂಪದಲ್ಲಿ ಅವನ ಬೆನ್ನು ಹತ್ತಿತ್ತು.

"ಕಮಲಾಕ್ಷಣ್ಣ, ತಿಂಡಿ ತಿನ್ನದೆ ಹೋದ್ರೆ ನಾನು ಮತ್ತೆ ನಿಮ್ಮತ್ರ ಮಾತಾಡ್ಲಿಕ್ಕಿಲ್ಲ!" ಎಂದು ಅವಳು ಹಿಂದಿನ ದಿನವೇ ಹೆದರಿಸಿದ್ದಳು.

ಬಾಗಿಲಲ್ಲಿ ಚಪ್ಪಲಿ ಕಳಚಿದ ಕಮಲಾಕ್ಷ ಮಗಳ ಬೂಟಿನ ಚೀಲವನ್ನೂ ಕಿತ್ತುಕೊಂಡ. "ಮೆಟ್ಟಿದ್ದನ್ನು ಒಳಗೆ ತರ್ಬಾರದು. ಚೀಲದಲ್ಲಿದ್ರೂ ಬೂಟು ಬೂಟೇ" ಎಂದು ಹೊರಗಿಟ್ಟ. ಮಹೇಶ್ವರ ಊರಲ್ಲಿರಲಿಲ್ಲ. ನೀರುದೋಸೆಗೆ ಕಾಯಿಬೆಲ್ಲ ಬಂತು, ಮತ್ತೆ ಬಂತು. ನಡುವೆ ಕುಸುಮಾವತಿ ಒಮ್ಮೆ ಹೊರಗೆ ಹೋಗಿ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಮೂರನೆಯ ಸುತ್ತಿನ ದೋಸೆಯ ಹೊತ್ತಿಗೆ ಒಳಗಿನಿಂದ ದಡಬಡ ದಡಬಡ ಎಂದು ಸದ್ದು ಕೇಳತೊಡಗಿತು.

"ಎಂತ ಕುಸುಮಕ್ಕ ಅದು?"

"ನೀವು ತಿನ್ನಿ ಅಣ್ಣ. ಆ ಬೂಟು ಎಷ್ಟು ಕೆಸರು! ದೊಡ್ಡವರ ಎದುರು ಹಾಗೆ ಹೋಗುದಾ ಮಗು? ಮೆಷಿನ್ನಿಗೆ ಹಾಕಿದೆ. ನಿಮಗೆ ಇಷ್ಟೂ ಮಾಡದಿದ್ರೆ ಹೇಗೆ?"

ಅಪೂರ್ವಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೂವರೂ ಓಡಿದರು. ಗಾಜಿನ ಬಾಗಿಲಿನಾಚೆ ನೊರೆಯ ನಡುವೆ ಬೂಟುಗಳೆರಡೂ ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುತ್ತಿದ್ದವು. ಮೆಷಿನ್ನಿನ ಮೇಲೆ ಕೆಂಪು ಅಂಕಿ ಐವತ್ತೆರಡು ನಿಮಿಷ ತೋರಿಸುತ್ತಿತ್ತು. ಬಾಗಿಲು ಲಾಕ್.

ಕಮಲಾಕ್ಷ ಬೈಯಲು ಬಾಯಿ ತೆರೆದ. ಆದರೆ ಬೈಯುವುದು ಯಾರನ್ನು? ಕುಸುಮಾವತಿಯ ಮುಖದಲ್ಲಿ ಆಗಲೇ ಅಳು ಕೂತಿತ್ತು. "ಪರವಾಗಿಲ್ಲ ಕುಸುಮಕ್ಕ" ಎಂದ ಅವನು, ಹಿಡಿಯನ್ನು ಎರಡೂ ಕೈಯಲ್ಲಿ ಜಗ್ಗುತ್ತ.

ಜಗ್ಗಾಟದ ಸದ್ದಿಗೆ ಪಕ್ಕದ ಫ್ಲ್ಯಾಟಿನ ಹಾಲಪ್ಪ ಬಂದ. ಹಾವೇರಿ ಕಡೆಯವನು, ಬ್ಯಾಂಕಿನ ಮ್ಯಾನೇಜರು. "ಏನ್ರೀ ಇದು, ಮನ್ಯಾಗ ರೈಲು ಓಡಿಸಾಕತ್ತೀರೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ವಿಚ್ಚು ಆರಿಸಿದ. ಮೆಷಿನ್ನು ನಿಂತಿತು, ಬಾಗಿಲು ತೆರೆಯಲಿಲ್ಲ. ಮತ್ತೆ ಹಾಕಿದ. ಅಂಕಿ ಐವತ್ತೆರಡರಿಂದ ಎಂಬತ್ತಕ್ಕೆ ಏರಿತು. ಎದುರು ಮನೆಯ ದಾಕ್ಷಾಯಣಿ ಟೀಚರು ತಲೆಗೂದಲು ಒಣಗಿಸುವ ಯಂತ್ರ ಹಿಡಿದು ಬಂದು, ಒಣಗಿಸಬೇಕಾದದ್ದು ಇನ್ನೂ ಹೊರಗೇ ಬಂದಿಲ್ಲ ಎಂದು ತಿಳಿದು, ಕಾಯುತ್ತ ದೋಸೆಗೆ ಕೂತರು. ಆಟದ ಸಾಮಾನಿನ ಅಂಗಡಿಗೆ ಭಾನುವಾರ ಬೀಗ.

"ತಡೀರಿ ಸರ, ನಮ್ಮ ಯಶವಂತನ ಬೂಟು ಅದಾವು. ಅಂವ ಹಾಸ್ಟೆಲ್ಲಿಗೆ ಹೋದಾಗಿಂದ ಖಾಲೀನ ಬಿದ್ದಾವು" ಎಂದು ಹಾಲಪ್ಪ ಓಡಿ ತಂದ. ಯಶವಂತನದು ಒಂಬತ್ತನೇ ಸೈಜು, ಅಪೂರ್ವಾಳದು ಐದು. ಅವಳ ಕಾಲು ಅದರೊಳಗೆ ಬಚ್ಚಲ ಹಂಡೆಗೆ ಬಿದ್ದ ತಂಬಿಗೆಯಂತೆ ಅಲ್ಲಾಡಿತು. ಕುಸುಮಾವತಿ ಕಣ್ಣೊರೆಸಿಕೊಂಡು ದೇವರ ಕೋಣೆಗೆ ಹೋಗಿ, ಕಾರ್ತಿಕ ಮಾಸಕ್ಕೆಂದು ಹೊಸೆದಿಟ್ಟ ಲಕ್ಷ ಹೂಬತ್ತಿಯ ಡಬ್ಬ ತಂದಳು. ಎಡಗಾಲಿಗೆ ಅರ್ಧ ಲಕ್ಷ, ಬಲಗಾಲಿಗೆ ಅರ್ಧ ಲಕ್ಷ.

"ಕುಸುಮಕ್ಕ, ಅದು ದೇವರದ್ದು!"

"ದೇವರಿಗೆ ನಾನು ಹೇಳ್ತೇನೆ ಅಣ್ಣ. ನೀವು ಹೋಗಿ."

ಆಟೊದಲ್ಲಿ ಕಮಲಾಕ್ಷ ಮಗಳ ಮುಖ ನೋಡಲಾರದೆ ಫೈಲು ನೋಡಿದ. "ಹೊರಗೆ ಇಟ್ಟದ್ದು ನಾನಲ್ವಾ ಅಪ್ಪೂ" ಎಂದ ಮೆಲ್ಲಗೆ. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವುದು ಅವಳ ಕ್ರಮ. "ಸಾರಮಿಲ್ಲ ಅಪ್ಪಾ" ಎಂದಳು. ಪರವಾಗಿಲ್ಲ ಅಂದರೂ ಆ ದೊಡ್ಡ ಬೂಟಿನ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಳು. ಬೂಟು ಅಟ್ಟಕ್ಕೇರಿದರೆ ತನಗೂ ಬೆಳಗಿನ ನಿದ್ದೆ ಸಿಗುತ್ತದೆ ಎಂದು ಒಳಗೊಳಗೇ ಆಸೆಪಟ್ಟಿದ್ದ ಕಮಲಾಕ್ಷನಿಗೆ ಆ ಕ್ಷಣ ತನ್ನ ಮೇಲೆಯೇ ನಾಚಿಕೆಯಾಯಿತು. ದೇವರೇ, ಇವಳಿಗೆ ಇದೊಂದು ಆಗಲಿ ಎಂದು ನಿಜವಾಗಿ ಬೇಡಿಕೊಂಡದ್ದು ಆಗಲೇ.

ಮೈದಾನದಲ್ಲಿ ನಲವತ್ತು ಹುಡುಗಿಯರಿದ್ದರು. ಗೆರೆಯ ಬದಿಯಲ್ಲಿ ಟೋಪಿ ಹಾಕಿ ನಿಂತ ವಿಜೇತಾ, ಕ್ಲಬ್ಬಿನ ಪರವಾಗಿ ಆಯ್ಕೆ ಮಾಡುವ ಕೋಚ್. ಅಪೂರ್ವಾ ಬಲಬದಿಗೆ ಹೋಗಿ ನಿಂತಳು. ಮೊದಲ ಪಾಸ್ ಬಂತು, ಅವಳು ಓಡಿದಳು, ಎಡಗಾಲಿನ ಬೂಟು ಓಡಲಿಲ್ಲ. ಲೇಸನ್ನು ಪಾದದ ಅಡಿಯಿಂದ ಎರಡು ಸುತ್ತು ಕಟ್ಟಿ ಮತ್ತೆ ಬಂದಳು. ಈ ಸಲ ಜೋರಾಗಿ ಒದ್ದಾಗ ಚೆಂಡು ಮೂರು ಗಜ ಹೋಯಿತು, ಬೂಟು ಗೋಲ್ ಕಂಬದ ಮೇಲಿಂದ ದಾಟಿತು. ದಾರಿಯುದ್ದಕ್ಕೂ ಹೂಬತ್ತಿ ಉದುರಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಕಮಲಾಕ್ಷ ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ ಅಪೂರ್ವಾಳ ತಂಡದ ಗೋಲ್‌ಕೀಪರ್ ಹುಡುಗಿ ಬೆರಳು ಉಳುಕಿಸಿಕೊಂಡು ಹೊರಬಂದಳು.

"ಏ ದೊಡ್ಡ ಬೂಟು! ನಿನಗೆ ಓಡಲಿಕ್ಕಂತೂ ಆಗುವುದಿಲ್ಲ. ನಿಲ್ಲಲಿಕ್ಕಾದರೂ ಆಗುತ್ತದಾ?" ಎಂದು ವಿಜೇತಾ ಮಲಯಾಳದಲ್ಲಿ ಕೂಗಿ ಅವಳನ್ನು ಗೋಲಿಗೆ ಅಟ್ಟಿದರು.

ಅಪೂರ್ವಾ ಜನ್ಮದಲ್ಲಿ ಗೋಲ್ ಕಾದವಳಲ್ಲ. ಎದುರು ತಂಡದವಳು ಒದ್ದ ಚೆಂಡು ಮೇಲೇರಿ ತಿರುಗುತ್ತ ತಿರುಗುತ್ತ ಇಳಿಯತೊಡಗಿತು. ಅವಳು ಗೊಂದಲದಲ್ಲಿ ನಿಂತೇ ಇದ್ದಳು. ಕಮಲಾಕ್ಷನಿಗೆ ತಡೆಯಲಾಗಲಿಲ್ಲ. ಆ ಚೆಂಡು ಬರುವ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಅಪ್ಪೂ, ಕೊಡೆ!" ಎಂದು ಕಿರುಚಿದ.

ಅವಳ ಕೈ ತಾನಾಗಿ ಮೇಲೆದ್ದು ಚೆಂಡನ್ನು ಹಿಡಿದು ಎದೆಗೆ ಒತ್ತಿಕೊಂಡಿತು. ಮುಂದಿನದು ಭಾರವಾಗಿ ನೇರ ಬಂತು. "ಬುತ್ತಿ!" ಹಿಡಿದಳು. ಇನ್ನೊಂದು ಮೂಲೆಯಿಂದ ಸರ್ರನೆ ಬಂತು. "ಮೊಬೈಲು!" ಹಾರಿ ಹಿಡಿದಳು. ಉಳಿದ ತಾಯ್ತಂದೆಯರು ಇದು ಕರ್ನಾಟಕದ ಯಾವುದೋ ಗುಪ್ತ ತಂತ್ರವೆಂದು ಅವನನ್ನು ಭಯಭಕ್ತಿಯಿಂದ ನೋಡತೊಡಗಿದರು. ಕೊನೆಗೆ ಪೆನಾಲ್ಟಿ. "ಕನ್ನಡಕ!" ಎಂದು ಅವನು ಕೂಗುವ ಮೊದಲೇ ಅವಳು ಒಂದೇ ಕೈಯಲ್ಲಿ ಚೆಂಡನ್ನು ಕಂಬದಾಚೆ ತಳ್ಳಿದ್ದಳು. ಕಮಲಾಕ್ಷ ಫೈಲನ್ನು ಆಕಾಶಕ್ಕೆ ಎಸೆದ. ಅದನ್ನು ಹಿಡಿಯುವವರು ಯಾರೂ ಇರಲಿಲ್ಲ.

ಎರಡು ಗಂಟೆಗೆ ವಿಜೇತಾ ಹೆಸರು ಓದಿದರು. ಅಪೂರ್ವಾಳ ಹೆಸರು ಮೊದಲನೆಯದು. ಅವಳು ಆ ಬೂಟಿನಲ್ಲೇ ಪಟಪಟ ಓಡಿ ಬಂದು ಅಪ್ಪನನ್ನು ಅಪ್ಪಿಕೊಂಡಳು. ಅವನ ಕಣ್ಣು ತುಂಬಿತು.

"ಇವಳ ಕೈ ಯಾರು ತಯಾರು ಮಾಡಿದ್ದು?" ವಿಜೇತಾ ಕೇಳಿದರು.

"ಅವಳ ಅಮ್ಮ, ಮೂರನೇ ಮಹಡಿಯಿಂದ" ಎಂದ ಕಮಲಾಕ್ಷ. ಅವರಿಗೆ ಅರ್ಥವಾಗಲಿಲ್ಲ.

"ಬರುವ ಶನಿವಾರದಿಂದ ತರಬೇತಿ. ಬೆಳಿಗ್ಗೆ ಹತ್ತೂವರೆಗೆ ಇಲ್ಲಿರಬೇಕು. ಮನೆಯವರೊಬ್ಬರು ಜೊತೆಗೆ ಬೇಕು."

"ಇಲ್ಲಿ? ಕೊಚ್ಚಿಯಲ್ಲಿ?" ಕಮಲಾಕ್ಷ ನಕ್ಕು, ಮಣ್ಣು ಕೊಡವಿ ಫೈಲು ಬಿಚ್ಚಿ, ಮೊಹರು ಬಿದ್ದ ಪ್ರತಿಯ ಕೊನೆಯ ಸಾಲಿಗೆ ಬೆರಳಿಟ್ಟ. "ನಮ್ಮದು ತಿರುವನಂತಪುರ. ದೃಢೀಕರಿಸಿದ ಪ್ರತಿ, ಮೇಡಂ."

ವಿಜೇತಾ ತಮ್ಮ ಕೈಯಲ್ಲಿದ್ದ ಪ್ರಕಟಣೆಯನ್ನು ತಿರುಗಿಸಿ ಹಿಂಬದಿ ತೋರಿಸಿದರು. ಗೋಲ್‌ಕೀಪರ್‌ಗಳಿಗೆ ಮಾತ್ರ, ಯಾವ ಜಿಲ್ಲೆಯವರಾದರೂ, ಎರಡು ವರ್ಷ ಕೊಚ್ಚಿಯಲ್ಲೇ ತರಬೇತಿ. ಕಮಲಾಕ್ಷ ತನ್ನ ಪ್ರತಿಯನ್ನು ತಿರುಗಿಸಿದ. ಬೆಳ್ಳಗೆ ಖಾಲಿ. ಅವನು ಜೆರಾಕ್ಸ್ ತೆಗೆಸಿದ್ದು ಎದುರಿನ ಪುಟವನ್ನು ಮಾತ್ರ.

"ವಿಂಗರ್ ಆಗಿದ್ದರೆ ನಿಮ್ಮೂರಿಗೇ ಹಾಕುತ್ತಿದ್ದೆ" ಎಂದರು ವಿಜೇತಾ. "ಆದರೆ ವಿಂಗರ್‌ಗಳು ಇವತ್ತು ಹದಿನೆಂಟು ಮಂದಿ, ಎಲ್ಲರೂ ಇವಳಿಗಿಂತ ವೇಗ. ಇಂಥ ಕೈ ಇದೊಂದೇ. ಆ ಬೂಟಿಗೆ ಒಂದು ನಮಸ್ಕಾರ ಹಾಕಿ."

ಅವನು ಬೂಟಿಗಲ್ಲ, ಕುಸುಮಾವತಿಗೆ ಫೋನು ಮಾಡಿದ. ಅವಳು ಬೆಳಗಿನಿಂದ ನೀರೂ ಮುಟ್ಟದೆ ಕೂತಿದ್ದಳು. "ಕುಸುಮಕ್ಕ, ನೀವು ಬೂಟು ಒಗೆಯದಿದ್ರೆ ಇವಳು ಆಯ್ಕೆ ಆಗ್ತಿರ್ಲಿಲ್ಲ. ನಿಮ್ಮ ಋಣ ನನ್ನ ಮೇಲೆ" ಎಂದ. ಅದು ಮನಸಾರೆ ಹೇಳಿದ ಮಾತು. ಆಚೆಯಿಂದ ಅಳು, ನಗು ಎರಡೂ ಕೇಳಿಸಿತು. "ಹಾಗಾದ್ರೆ ಪ್ರತಿ ಶನಿವಾರ ನಮ್ಮಲ್ಲೇ ಉಳಿಯಿರಿ ಅಣ್ಣ! ಬೂಟು ಕೂಡ ನಾನೇ..."

"ಬೂಟು ಬೇಡ!" ಎಂದು ಅಪ್ಪ, ಮಗಳು ಒಟ್ಟಿಗೆ ಕೂಗಿದರು.

ಸೌದಾಮಿನಿ ಫೋನಿನಲ್ಲಿ ಸುದ್ದಿ ಕೇಳಿ ಮೂಗು ಒರೆಸಿಕೊಂಡು, "ನೀವೇ ಕರ್ಕೊಂಡು ಹೋಗಿ. ನಿಮಗೆ ಹೇಗೂ ಆ ರೈಲು ಅಭ್ಯಾಸ ಉಂಟಲ್ಲ" ಎಂದಳು.

ಸಂಜೆಯ ರೈಲಿನಲ್ಲಿ ಅಪೂರ್ವಾ ಅಪ್ಪನ ಹೆಗಲಿಗೆ ತಲೆಯಿಟ್ಟು ಮಲಗಿದ್ದಳು. ಕುಸುಮಾವತಿಯ ಮನೆಯಿಂದ ಮರಳಿ ಪಡೆದ, ಒಣಗಿ ಹೊಳೆಯುವ ಐದನೇ ಸೈಜಿನ ಬೂಟು ಅವಳ ಮಡಿಲಲ್ಲಿತ್ತು. ಕಮಲಾಕ್ಷ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಎರಡು ವರ್ಷ, ನೂರನಾಲ್ಕು ಶನಿವಾರ. ಆದರೂ ಯಾಕೋ ಮುಖದ ನಗು ಹೋಗಲೊಲ್ಲದು.

ಇಬ್ರಾಹಿಂ ಬಂದು ನಿಂತ. ಮಗುವಿನ ಬೂಟು ನೋಡಿದ, ಅಪ್ಪನ ಮುಖ ನೋಡಿದ. ಆಯ್ಕೆಯಾದದ್ದು ಕೇಳದೆಯೇ ತಿಳಿಯಿತು, ಪ್ರತಿ ಶನಿವಾರದ ಪ್ರಯಾಣದ ಸುದ್ದಿಯನ್ನು ಕಮಲಾಕ್ಷನೇ ಹೇಳಿದ.

"ಸಂತೋಷ ಸಾರ್, ತುಂಬಾ ಸಂತೋಷ" ಎಂದು ಅವನ ಕೈ ಕುಲುಕಿದ. ಮತ್ತೆ ಬಗ್ಗಿ, ಹುಡುಗಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ, "ಬರುವ ಶನಿವಾರ ಬರುವಾಗ ಆ ಶಾಲು ಇಸ್ತ್ರಿ ಹಾಕಿ ತನ್ನಿ. ಇಪ್ಪತ್ತನೇ ತಾರೀಕಿಗೆ ನಮ್ಮ ಬೋಗಿಯ ಗುರುಪ್ರಸಾದ್ ಸಾರಿಗೂ ವರ್ಗ ಉಂಟು, ಅವರಿಗೆ ಹೊದಿಸುವ" ಎಂದ.